ಕುದುರೆಯ ಮೈ, ಮನುಷ್ಯನ ಕೈ

ಕುದುರೆಯ ಮಾತೆತ್ತಿದೊಡನೆ ನಮ್ಮ ಮನಸ್ಸು ಓಟದ ಕಡೆಗೆ ಹಾಯುತ್ತದೆ. ರಣರಂಗದ ಕುದುರೆ, ಪಂದ್ಯದ ಬಯಲಿನ ಕುದುರೆ, ಮೈಸೂರಿನ ದಸರೆಯ ಮೆರವಣಿಗೆಯಲ್ಲಿ ಗೊರಸಿನ ಸದ್ದು ಮಾಡುತ್ತ ಸಾಲಾಗಿ ಸಾಗುವ ಕುದುರೆ, ಇವೇ ಕಣ್ಣಿಗೆ ಕಟ್ಟುತ್ತವೆ. ಈ ಹೊತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ನಿಂತ ಕುದುರೆಯನ್ನು ಕುರಿತು. ದಿನದ ದುಡಿಮೆ ಮುಗಿದು, ಜೀನು ಕಳಚಿ, ಬೆವರು ಆರುತ್ತ ಲಾಯದಲ್ಲಿ ನಿಂತಿರುವ ಕುದುರೆ. ಅದರ ಪಕ್ಕದಲ್ಲಿ ನಿಂತು ಮೈಮೇಲೆ ಕೈಯಿಟ್ಟಿರುವ ಮನುಷ್ಯ. ಆ ಕೈ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ನನ್ನ ವಿಷಯ.

'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆಯನ್ನು ತಾವೆಲ್ಲರೂ ಕೇಳಿದ್ದೀರಿ. ಹತ್ತಿ ಕೂರಲು ಪ್ರಾಣಿಯೊಂದು ಸಿಕ್ಕಿತೆಂದರೆ ನಡೆಯುವವನ ಕಾಲಿಗೆ ಇದ್ದಕ್ಕಿದ್ದಂತೆ ನೋವು ಬರುತ್ತದೆ. ಗಾದೆ ಮನುಷ್ಯಸ್ವಭಾವವನ್ನು ಚೆನ್ನಾಗಿಯೇ ಹಿಡಿದಿದೆ. ಆದರೆ ಹತ್ತಿದ ಮೇಲೆ ಕುದುರೆಯ ಬೆನ್ನಿಗೆ ಏನಾಯಿತೆಂದು ಗಾದೆ ಕೇಳುವುದಿಲ್ಲ. ಪಶುವೈದ್ಯನಾಗಿ ಕಳೆದ ನನ್ನ ಆಯುಷ್ಯದಲ್ಲಿ ಆ ಪ್ರಶ್ನೆ ಅನೇಕ ಸಲ ನನ್ನೆದುರು ಬಂದು ನಿಂತಿದೆ.

ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ. ಅಲ್ಲಿ ಕುದುರೆಯನ್ನು ಕಾಣುವುದೇ ಅಪೂರ್ವವಾಗಿತ್ತು. ನಮ್ಮ ಸೀಮೆಯ ದುಡಿಮೆಯೆಲ್ಲ ಎತ್ತಿನ ಹೆಗಲಿನದು. ನೊಗ ಕೂರುವ ಎಡೆಯಲ್ಲಿ ಎತ್ತಿನ ಹೆಗಲು ಬಾತರೆ ನಮ್ಮ ತಂದೆಯವರು ಸಂಜೆ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು. ಅವರು ಉಜ್ಜುವುದಕ್ಕೆ ಮೊದಲು ಅಂಗೈಯನ್ನು ಹೆಗಲ ಮೇಲೆ ಸುಮ್ಮನೆ ಇಟ್ಟುಕೊಂಡು ಬಹಳ ಹೊತ್ತು ನಿಲ್ಲುತ್ತಿದ್ದುದನ್ನು ಕಂಡಿದ್ದೇನೆ. ಏಕೆಂದು ಕೇಳಿದರೆ, "ಎತ್ತು ಒಪ್ಕೊಳ್ಳೋಗಂಟ ಕಾಯ್ಬೇಕು ಕಣ ಮಗಾ" ಎನ್ನುತ್ತಿದ್ದರು. ಶಾಸ್ತ್ರ ಓದಿದವರು ಇದನ್ನು ಬೇರೆ ಮಾತುಗಳಲ್ಲಿ ಹೇಳುತ್ತಾರೆ. ಆ ಮಾತುಗಳಿಗೆ ಮುಂದೆ ಬರುತ್ತೇನೆ.

ಕುದುರೆಯ ಶಾಸ್ತ್ರವೇನೂ ನಮಗೆ ಹೊಸದಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದು ಬಂದ ಅಶ್ವಶಾಸ್ತ್ರ ಈ ದೇಶದಲ್ಲಿ ಬಹು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೇ ಒಂದು ಪ್ರಕರಣ ಮೀಸಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣವೂ ಅವುಗಳ ಮೇಲೆ ಕುಳಿತು ಆಡುವ ಚೆಂಡಾಟವೂ ಬಂದಿವೆ. ಕನ್ನಡದಲ್ಲಿಯೇ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಬರೆದ. ಮುಂದೆ 17ನೆಯ ಶತಮಾನದಲ್ಲಿ ಪದ್ಮಣಪಂಡಿತ ಮೈಸೂರು ಅರಸರ ಆಶ್ರಯದಲ್ಲಿ ಹಯಸಾರಸಮುಚ್ಚಯವನ್ನು ರಚಿಸಿದ. ಅದಕ್ಕೂ ಹಿಂದೆಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯವನ್ನು ಬರೆದಿದ್ದನಷ್ಟೆ. ಮೂಕಪ್ರಾಣಿಗಳ ನೋವನ್ನು ಕನ್ನಡದಲ್ಲಿ ಬರೆಯಬಹುದೆಂದು ನಮ್ಮ ಹಿರಿಯರಿಗೆ ಹೊಳೆದಿತ್ತೆಂಬುದು ಸಣ್ಣ ಸಂಗತಿಯಲ್ಲ.

ಆದರೆ ಗ್ರಂಥವೊಂದು ಕಡೆ, ಲಾಯವೊಂದು ಕಡೆ. ಗ್ರಂಥವನ್ನು ಓದಿದವರು ಲಾಯದಲ್ಲಿ ಮಲಗುತ್ತಿರಲಿಲ್ಲ. ಲಾಯದಲ್ಲಿ ಮಲಗುತ್ತಿದ್ದವರಿಗೆ ಓದು ಬರುತ್ತಿರಲಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ಕಡಲಾಚೆಯಿಂದ ಅಪಾರ ಹಣ ತೆತ್ತು ಕುದುರೆಗಳನ್ನು ತರಿಸುತ್ತಾರೆ, ಆದರೆ ಅವುಗಳನ್ನು ನೋಡಿಕೊಳ್ಳಲು ಬಲ್ಲವರಿಲ್ಲದೆ ಅವು ಬೇಗ ಸತ್ತುಹೋಗುತ್ತವೆ ಎಂದು ಬರೆದಿದ್ದಾನೆ. ಪರದೇಶಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಕುದುರೆಯನ್ನು ಕೊಳ್ಳಬಹುದು, ಕುದುರೆಯನ್ನು ಬಲ್ಲ ಕೈಯನ್ನು ಕೊಳ್ಳುವುದು ಕಷ್ಟ ಎಂಬಷ್ಟು ಸತ್ಯ ಅದರಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಆ ರಾವುತರ ಸ್ಮಾರಕ ಬೆಂಗಳೂರಿನಲ್ಲಿದೆ. ಆ ಕುದುರೆಗಳನ್ನು ಹಡಗಿನಲ್ಲಿ, ಮರಳುಗಾಡಿನಲ್ಲಿ ದಿನವೂ ತಿಕ್ಕಿ, ಕಾಲು ನೀವಿ, ಬೆನ್ನು ತಡವಿ ನಿಲ್ಲಿಸಿದ ಕೈಗಳು ಯಾರವೊ, ಆ ಹೆಸರುಗಳು ನಮ್ಮ ನಾಲಗೆಯ ಮೇಲಿಲ್ಲ.

ಈಗ ಕುದುರೆಯ ಮೈಯೊಳಗಿನ ಒಂದು ವಿಚಿತ್ರವನ್ನು ಹೇಳಬೇಕು. ನಮ್ಮ ತೋಳು ಎದೆಗೂಡಿಗೆ ಕೊರಳೆಲುಬಿನ ಮೂಲಕ ಸೇರಿಕೊಂಡಿದೆ. ಕುದುರೆಗೆ ಕೊರಳೆಲುಬೇ ಇಲ್ಲ. ಅದರ ಮುಂಗಾಲುಗಳಿಗೂ ಎದೆಗೂಡಿಗೂ ಎಲುಬಿನ ಕೀಲಿನ ಸಂಬಂಧವಿಲ್ಲ. ಎರಡು ಮುಂಗಾಲುಗಳ ನಡುವೆ ಎದೆಗೂಡು ಮಾಂಸಖಂಡಗಳ ಮತ್ತು ಪೊರೆಗಳ ಜೋಲಿಯೊಂದರಲ್ಲಿ, ತೊಟ್ಟಿಲಿನಲ್ಲಿ ಕೂಸು ತೂಗಿದಂತೆ, ತೂಗಿಕೊಂಡಿದೆ. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 55ರಿಂದ 60 ಪಾಲು ಬೀಳುವುದು ಮುಂಗಾಲುಗಳ ಮೇಲೆಯೇ. ಅಂದರೆ ಆ ಭಾರವನ್ನೆಲ್ಲ ಹೊತ್ತಿರುವುದು ಈ ಜೋಲಿ. ಅದರ ಮೇಲೆ ಜೀನು, ಜೀನಿನ ಮೇಲೆ ಮನುಷ್ಯ. ಜೋಲಿಯ ಒಂದು ಅಂಚು ಬಿಗಿದುಕೊಂಡರೆ ಇಡೀ ನಡಿಗೆ ಕೆಡುವುದರಲ್ಲಿ ಆಶ್ಚರ್ಯವೇನು?

ಪೊರೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚಕ್ಕೋತದ ಹಣ್ಣನ್ನು ಸುಲಿದವರಿಗೆ ಗೊತ್ತು: ಸಿಪ್ಪೆಯ ಒಳಗೆ ಬಿಳಿಯ ಮೆತ್ತೆ, ಅದರೊಳಗೆ ತೊಳೆ ತೊಳೆಯನ್ನೂ ಸುತ್ತಿದ ತೆಳುಪೊರೆ, ತೊಳೆಯೊಳಗೆ ಒಂದೊಂದು ರಸದ ಕಾಳಿಗೂ ಮತ್ತೊಂದು ಪೊರೆ. ಹಣ್ಣಿಗೆ ಆಕಾರ ಬಂದಿರುವುದು ರಸದಿಂದಲ್ಲ, ಪೊರೆಗಳಿಂದ. ಪ್ರಾಣಿಯ ಮೈಯೂ ಹಾಗೆಯೇ. ಚರ್ಮದ ಕೆಳಗೊಂದು ಪದರ, ಮಾಂಸಖಂಡಗಳ ಸುತ್ತ ಒಂದೊಂದು ಪದರ, ಅವುಗಳೊಳಗಿನ ಎಳೆ ಎಳೆಗೂ ಸೂಕ್ಷ್ಮವಾದ ಪದರ. ಎಲ್ಲವೂ ತಲೆಯಿಂದ ಗೊರಸಿನವರೆಗೆ ಒಂದಕ್ಕೊಂದು ಹೆಣೆದುಕೊಂಡಿವೆ. ಪದರಗಳ ನಡುವೆ ಜಾರಿಕೆಯ ದ್ರವವುಂಟು. ಆರೋಗ್ಯವಂತ ಮೈಯಲ್ಲಿ ಅವು ಒಂದರ ಮೇಲೊಂದು ಸಲೀಸಾಗಿ ಸರಿಯುತ್ತವೆ. ಪೆಟ್ಟು, ಗಾಯ, ತಪ್ಪಾದ ಜೀನು, ಒಂದೇ ಬಗೆಯ ದುಡಿಮೆ ಇವುಗಳಿಂದ ಸರಿದಾಟ ಕುಗ್ಗಿದಾಗ ಬಿಗಿತ ಹುಟ್ಟುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯ ಒಂದು ಮೂಲೆಯನ್ನು ಮೊಳೆಗೆ ಸಿಕ್ಕಿಸಿ ಎಳೆದರೆ ಸುಕ್ಕು ಕಾಣಿಸಿಕೊಳ್ಳುವುದು ಮೊಳೆಯ ಬಳಿ ಮಾತ್ರವೇ ಅಲ್ಲ, ಸೆರಗಿನವರೆಗೂ ಹೋಗುತ್ತದೆ. ಅಂಗರಚನೆಯನ್ನು ಕಲಿಯುವವರು ಬಹುಕಾಲ ಈ ಪೊರೆಯನ್ನು ಕತ್ತಿಯಿಂದ ಕೆರೆದು ಪಕ್ಕಕ್ಕೆ ಹಾಕಿ, ಕೆಳಗಿನ ಕೆಂಪು ಮಾಂಸವನ್ನೇ ವಿಷಯವೆಂದು ಓದುತ್ತಿದ್ದರು. ನಾವೂ ಹಾಗೆಯೇ ಓದಿದೆವು. 2015ರಲ್ಲಿ ಡೆನ್ಮಾರ್ಕಿನ ಎಲ್ಬ್ರೋಂಡ್ ಮತ್ತು ಶುಲ್ಟ್ಸ್ ಎಂಬ ಇಬ್ಬರು ವಿದುಷಿಯರು ಕುದುರೆಗಳ ಕಳೇಬರಗಳನ್ನು ಎಚ್ಚರದಿಂದ ಬಿಡಿಸಿ, ಈ ಪೊರೆ ಮತ್ತು ಮಾಂಸಖಂಡಗಳು ತಲೆಯಿಂದ ಹಿಂಗಾಲಿನವರೆಗೆ ಉದ್ದುದ್ದನೆಯ ಸಾಲುಗಳಾಗಿ ಕೂಡಿಕೊಂಡಿರುವುದನ್ನು ವಿವರಿಸಿದರು. ಹಿಂದೆ ಕೆರೆದು ಹಾಕಿದ ವಸ್ತುವೇ ಹೀಗೆ ವಿಷಯವಾಯಿತು.

ಶಾಸ್ತ್ರದ ಮಾತು ಇಷ್ಟಿರಲಿ. ನನಗೆ ಇದರ ಅರ್ಥವನ್ನು ಮೊದಲು ಕಲಿಸಿದವರು ಒಬ್ಬ ಜಟಕಾ ಸಾಹೇಬರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಳ್ಳೇಗಾಲದಲ್ಲಿ ಇನ್ನೂ ಜಟಕಾಗಳಿದ್ದವು. ರೈಲು ಕಾಣದ ಊರು. ಬಸ್ಸಿನಿಂದಿಳಿದವರಿಗೆ ಮೂಟೆ ಮುಡಿಗಳೊಡನೆ ಮನೆ ಸೇರಲು ಜಟಕಾವೇ ದಿಕ್ಕು. ಸಾಹೇಬರದು ಕಂದು ಬಣ್ಣದ ಹೆಣ್ಣು ಕುದುರೆ, ನಡುವಯಸ್ಸಿನದು. ಅದಕ್ಕೆ ಇದ್ದಕ್ಕಿದ್ದಂತೆ ದುರ್ಬುದ್ಧಿ ಬಂದಿತೆಂದು ಬೀದಿಯವರೆಲ್ಲ ಆಡಿಕೊಳ್ಳತೊಡಗಿದರು. ಎಡಕ್ಕೆ ತಿರುಗೆಂದರೆ ತಿರುಗದು. ಹೊಟ್ಟೆಯ ಪಟ್ಟಿಯನ್ನು ಬಿಗಿಯಹೋದರೆ ಕಚ್ಚಲು ಬರುವುದು. ಮೂಕಿಗಳ ನಡುವೆ ಹಿಂದು ಹಿಂದಕ್ಕೆ ಸರಿಯುವುದು. ಒಮ್ಮೆ ಗಾಡಿಯಲ್ಲಿ ಕುಳಿತಿದ್ದ ಬಸುರಿ ಹೆಣ್ಣುಮಗಳೊಬ್ಬಳು ಬೀಳುವುದರಲ್ಲಿದ್ದಳು. ಇನ್ನು ಇದನ್ನು ಮಾರಿಬಿಡಿ, ಇಲ್ಲವೆ ಚಾಟಿಯಲ್ಲಿ ಬುದ್ಧಿ ಕಲಿಸಿ ಎಂದು ಹೇಳದವರಿಲ್ಲ. ಆ ವಯಸ್ಸಿನ, ಕಚ್ಚುವ ಕುದುರೆಯನ್ನು ಕೊಳ್ಳುವವರು ಯಾರು, ಕೊಂಡು ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ತಿಳಿದಿತ್ತು. ಸಾಹೇಬರ ಮನೆಯ ಐದಾರು ಹೊಟ್ಟೆಗಳು ಆ ಒಂದು ಪ್ರಾಣಿಯ ಕಾಲಿನ ಮೇಲೆ ನಿಂತಿದ್ದವು.

ಅವರು ಕುದುರೆಯನ್ನು ನನ್ನಲ್ಲಿಗೆ ತಂದರು. ನಾನು ಕಾಲುಗಳನ್ನು ನೋಡಿದೆ, ಗೊರಸುಗಳನ್ನು ನೋಡಿದೆ, ಲಾಳ ಸರಿಯಾಗಿದೆಯೆ ಎಂದು ಪರೀಕ್ಷಿಸಿದೆ, ಹಲ್ಲು ನೋಡಿದೆ, ಜ್ವರವಿಲ್ಲವೆಂದು ಕಂಡುಕೊಂಡೆ. ಕಣ್ಣಿಗೆ ಕಾಣುವ ದೋಷವೊಂದೂ ಇರಲಿಲ್ಲ. ಆಗ ಸಾಹೇಬರು, "ಡಾಕ್ಟ್ರೇ, ಇದು ಕಚ್ಚಾಕ ಬತ್ತಾ ಇಲ್ಲ. ಇಲ್ಲಿ ನೋಯ್ತದ ಅಂತ ಯೋಳ್ತಾ ಅದ. ಎಲ್ಲಿ ಅಂತ ನಿಮಗ ತೋರುಸ್ತೀನಿ, ತಡೀರಿ" ಎಂದರು. ಕುದುರೆಯ ಎಡ ಭುಜದ ಪಕ್ಕಕ್ಕೆ ಬಂದು, ಮೊದಲು ಕೊರಳ ಬುಡದಲ್ಲಿ ಅಂಗೈಯಿಟ್ಟು ನಿಂತರು. ಉಜ್ಜಲಿಲ್ಲ, ಒತ್ತಲಿಲ್ಲ. ಕೈ ಅಲ್ಲಿ ಇದೆಯೆಂಬುದನ್ನು ಕುದುರೆ ಮರೆತ ಹಾಗೆ ಕಂಡಾಗ ಅದನ್ನು ಒಂದು ಅಂಗುಲ ಹಿಂದಕ್ಕೆ ಸರಿಸಿದರು. ಹೀಗೆ ಅಂಗುಲ ಅಂಗುಲವಾಗಿ ಹೆಗಲ ಉಬ್ಬಿನ ಹಿಂದಕ್ಕೆ, ಬೆನ್ನ ಮೇಲೆ ಗಾಡಿಯ ಮೆತ್ತೆ ಕೂರುವ ಜಾಗಕ್ಕೆ ಬಂದರು. ಅಲ್ಲಿ, ಎಡಗಡೆ, ಅಂಗೈಯಗಲದ ಒಂದು ಎಡೆಯಲ್ಲಿ, ಕುದುರೆಯ ಚರ್ಮ ನೊಣ ಕುಳಿತಂತೆ ಅದುರಿತು. ಕಿವಿ ಹಿಂದಕ್ಕೆ ಹೋಯಿತು. ಉಸಿರು ಒಂದು ಕ್ಷಣ ನಿಂತಿತು. ಸಾಹೇಬರು ಕೈಯನ್ನು ಹಗುರ ಮಾಡಿದರೇ ಹೊರತು ತೆಗೆಯಲಿಲ್ಲ. ಎರಡು ಮೂರು ನಿಮಿಷ ಕಳೆದಿರಬೇಕು. ಕುದುರೆ ತಲೆಯನ್ನು ನಿಧಾನವಾಗಿ ಇಳಿಸಿತು, ಕೆಳದುಟಿ ಜೋತಿತು, ದೀರ್ಘವಾಗಿ ಉಸಿರು ಬಿಟ್ಟಿತು. "ಈಗ ನೀವು ಮುಟ್ಟಿ" ಎಂದರು. ಮುಟ್ಟಿದೆ. ಬಲಗಡೆಯ ಅದೇ ಎಡೆಗಿಂತ ಎಡಗಡೆ ಬಿರುಸಾಗಿತ್ತು, ಬೆಚ್ಚಗಿತ್ತು. ಚರ್ಮ ಕೆಳಗಿನ ಮಾಂಸಕ್ಕೆ ಅಂಟಿಕೊಂಡಂತೆ ಸರಿಯದೆ ನಿಂತಿತ್ತು.

ಗಾಡಿಯ ಮೆತ್ತೆಯನ್ನು ತಿರುವಿ ನೋಡಿದಾಗ ಅದರೊಳಗಿನ ಹುಲ್ಲು ಎಡಗಡೆ ಗಂಟುಕಟ್ಟಿರುವುದು ಕಂಡಿತು. ಮೆತ್ತೆಯನ್ನು ಬಿಚ್ಚಿ ಹೊಸದಾಗಿ ತುಂಬಿಸಿದರು. ನಾನು ಮೂರು ವಾರ ಗಾಡಿ ಕಟ್ಟಕೂಡದೆಂದೆ. ಸಾಹೇಬರು ದಿನಕ್ಕೆರಡು ಸಲ ಆ ಎಡೆಯ ಸುತ್ತ ಕೈಯಿಟ್ಟರು. ಆ ಮೂರು ವಾರ ಅವರ ಮನೆಯಲ್ಲಿ ಒಲೆ ಹೇಗೆ ಉರಿಯಿತೊ, ಅವರು ಹೇಳಲಿಲ್ಲ. ನಾಲ್ಕನೆಯ ವಾರ ಕುದುರೆ ಎಡಕ್ಕೆ ತಿರುಗಿತು. ಮುಂದೆ ಹಲವು ವರ್ಷ ಅದು ಕೊಳ್ಳೇಗಾಲದ ಬೀದಿಗಳಲ್ಲಿ ಮಕ್ಕಳನ್ನು ಹೊತ್ತು ತಿರುಗಿತು.

ಗುಣಪಡಿಸಿದ್ದು ಕೈಯೊ, ಹೊಸ ಮೆತ್ತೆಯೊ, ಮೂರು ವಾರದ ವಿಶ್ರಾಂತಿಯೊ? ವೈದ್ಯನಾಗಿ ನಾನು ಈ ಪ್ರಶ್ನೆಯನ್ನು ಕೇಳಲೇಬೇಕು. ಮೆತ್ತೆಯನ್ನು ಬದಲಿಸದೆ ಕೈಯನ್ನಷ್ಟೇ ಇಟ್ಟಿದ್ದರೆ ನೋವು ಮರುವಾರವೇ ಮರಳುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮೆತ್ತೆಯನ್ನು ತಿರುವಿ ನೋಡಬೇಕೆಂದು ನಮಗೆ ತಿಳಿಸಿದ್ದು ಕೈ. ಕುದುರೆ ಬೇಟೆಗೆ ಗುರಿಯಾಗುವ ಜಾತಿಯ ಪ್ರಾಣಿ. ಕುಂಟುವುದನ್ನು ತೋರಿಸಿಕೊಂಡದ್ದು ಹುಲಿಗೆ ಮೊದಲ ತುತ್ತಾಗುತ್ತದೆ. ಆದ್ದರಿಂದ ಅದು ನೋವನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟು ಮುಚ್ಚಿಟ್ಟು ತಾಳಲಾರದಾದಾಗ ಒದೆಯುತ್ತದೆ, ಕಚ್ಚುತ್ತದೆ. ನಾವು ಅದನ್ನು ಮೊಂಡುತನವೆಂದು ಕರೆದು ಚಾಟಿಯೆತ್ತುತ್ತೇವೆ. ಈ ವಿದ್ಯೆಯ ಮೊದಲ ಉಪಯೋಗ ನೋವನ್ನು ಕಳೆಯುವುದಲ್ಲ, ನೋವಿನ ಎಡೆಯನ್ನು ಕಂಡುಹಿಡಿಯುವುದು ಎಂದು ನಾನು ತಿಳಿದಿದ್ದೇನೆ.

ಪಶ್ಚಿಮ ದೇಶಗಳಲ್ಲಿ ಇದು ಈಗ ದೊಡ್ಡ ವಿದ್ಯೆಯಾಗಿ ಬೆಳೆದಿದೆ. ಮನುಷ್ಯರ ಮೈಪೊರೆಗಳನ್ನು ಕೈಯಿಂದ ಸಡಿಲಿಸುವ ಪದ್ಧತಿಯೊಂದನ್ನು ಅಮೆರಿಕದ ಐಡಾ ರಾಲ್ಫ್ ಎಂಬಾಕೆ ಬೆಳೆಸಿದರು. ಅವರು 1979ರಲ್ಲಿ ತೀರಿಕೊಂಡರು. ಕೆನಡಾದಲ್ಲಿ ಹುಟ್ಟಿದ ಲಿಂಡಾ ಟೆಲಿಂಗ್ಟನ್-ಜೋನ್ಸ್ 1970ರ ದಶಕದಲ್ಲಿ ಮೋಶೆ ಫೆಲ್ಡೆನ್‌ಕ್ರೈಸ್ ಎಂಬವರ ಬಳಿ ಮನುಷ್ಯರ ಅಂಗಚಲನೆಯ ಪಾಠ ಕಲಿತು, ಅದನ್ನು ಕುದುರೆಗಳಿಗೆ ಅನ್ವಯಿಸಿ, ಬೆರಳುಗಳಿಂದ ಚರ್ಮವನ್ನು ಹಗುರವಾಗಿ ಸುತ್ತಿಸುವ ತಮ್ಮದೇ ಕ್ರಮವನ್ನು ರೂಪಿಸಿದರು. ಪೊರೆಯ ಕೆಲಸ ಮಾಡುವವರು ಎಣ್ಣೆ ಹಚ್ಚುವುದಿಲ್ಲ, ಕೈ ಜಾರಬಾರದು. ಅಂಗೈಯನ್ನು ಹಗುರವಾಗಿ ಊರಿ, ಚರ್ಮವನ್ನು ಅದು ಸುಲಭವಾಗಿ ಸರಿಯುವ ದಿಕ್ಕಿಗೆ ಕೊಂಚ ಸರಿಸಿ, ತಡೆ ಸಿಕ್ಕಲ್ಲಿ ನಿಲ್ಲಬೇಕು. ತಡೆಯನ್ನು ತಳ್ಳಕೂಡದು. ಒಂದೂವರೆ ಎರಡು ನಿಮಿಷ, ಕೆಲವೊಮ್ಮೆ ಐದು ನಿಮಿಷ ಕಾದರೆ ಕೈಯಡಿಯಲ್ಲಿ ಏನೋ ಕರಗಿ ಸರಿದಂತೆ ತೋರುತ್ತದೆ. ಧನಗೆರೆಯ ಕೊಟ್ಟಿಗೆಯಲ್ಲಿ ಕೇಳಿದ್ದ 'ಒಪ್ಪಿಕೊಳ್ಳುವವರೆಗೆ ಕಾಯುವುದು' ಇದೇ.

ಇದಕ್ಕೆ ಪ್ರಮಾಣವೇನು ಎಂದು ತಾವು ಕೇಳಬಹುದು. ಕೇಳಲೇಬೇಕು. ಕುದುರೆಗಳು ಹಿಂಡಿನಲ್ಲಿ ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತ ನಿಲ್ಲುವುದನ್ನು ತಾವು ನೋಡಿರಬಹುದು. 1993ರಲ್ಲಿ ಫೆ ಮತ್ತು ದ ಮಾಜಿಯೇರ್ ಎಂಬ ಸಂಶೋಧಕರು ಫ್ರಾನ್ಸಿನ ಕಮಾರ್ಗ್ ಕುದುರೆಗಳಲ್ಲಿ ಅದೇ ಎಡೆಯನ್ನು, ಎಂದರೆ ಕೊರಳು ಹೆಗಲಿಗೆ ಸೇರುವಲ್ಲಿ, ಕೈಯಿಂದ ಕೆರೆದು ನೋಡಿದರು. ಹೃದಯದ ಬಡಿತ ಇಳಿಯಿತು. ಬೇರೆ ಎಡೆಯಲ್ಲಿ ಕೆರೆದಾಗ ಹಾಗಾಗಲಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಾಥಮಿಕ ಅಧ್ಯಯನದಲ್ಲಿ ಮೈನೀವಿಕೆಯಿಂದಲೂ ಬಡಿತ ಇಳಿದದ್ದು ಕಂಡುಬಂತು. ಕುದುರೆ ನೆಮ್ಮದಿಯಾಗುತ್ತದೆ ಎಂಬಷ್ಟಕ್ಕೆ ಆಧಾರವುಂಟು. ಕುಂಟು ವಾಸಿಯಾಗುತ್ತದೆ, ಹಳೆಯ ಭಯದ ನೆನಪು ಪೊರೆಯಿಂದ ಕರಗಿ ಹೋಗುತ್ತದೆ, ರಕ್ತದ ವಿಷ ಇಳಿಯುತ್ತದೆ ಎಂದೆಲ್ಲ ಹೇಳುವವರೂ ಇದ್ದಾರೆ; ನಾಲ್ಕು ದಿನದ ಶಿಬಿರ ಮುಗಿಸಿ ಅರ್ಹತಾಪತ್ರ ತೂಗುಹಾಕಿಕೊಂಡವರೂ ಇದ್ದಾರೆ. ನನಗೆ ಆ ಮಾತುಗಳಲ್ಲಿ ನಂಬಿಕೆಯಿಲ್ಲ. ಕೈಯಡಿಯಲ್ಲಿ ಕರಗಿದಂತೆ ತೋರುವುದು ಪೊರೆಯೇ ಸಡಿಲವಾದದ್ದೊ, ಕುದುರೆ ಭಯ ಬಿಟ್ಟಾಗ ನರಗಳು ಮಾಂಸದ ಬಿಗಿತವನ್ನು ಇಳಿಸಿದ್ದೊ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಕುದುರೆಗೆ ಎರಡೂ ಒಂದೇ ಎಂದು ಕಾಣುತ್ತದೆ.

ಕೈಯನ್ನು ಹಿಂತೆಗೆಯಬೇಕಾದ ಸಂದರ್ಭಗಳೂ ಉಂಟು. ಜ್ವರವಿದ್ದಾಗ, ಹಸಿ ಗಾಯವಿದ್ದಾಗ, ಹೊಸದಾಗಿ ಬಾತಿರುವಲ್ಲಿ ಮುಟ್ಟಕೂಡದು. ರಜೆಯ ದಿನ ಹುರುಳಿಯನ್ನು ಹೊಟ್ಟೆ ತುಂಬ ತಿಂದು ಸುಮ್ಮನೆ ನಿಂತ ಕುದುರೆಯನ್ನು ಮರುದಿನ ದುಡಿಮೆಗೆ ಹೂಡಿದಾಗ ಅದರ ಹಿಂಭಾಗದ ಮಾಂಸವೆಲ್ಲ ಹಲಗೆಯಂತೆ ಸೆಟೆದು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುವ ರೋಗವೊಂದಿದೆ. ಆ ಬಿಗಿತವನ್ನು ಕಂಡು ನೀವಲು ಹೊರಟರೆ ಕೇಡು ಹೆಚ್ಚುತ್ತದೆ. ಕುದುರೆಯನ್ನು ನಿಂತಲ್ಲಿಂದ ಕದಲಿಸದೆ ವೈದ್ಯನನ್ನು ಕರೆಯಬೇಕು. ಹೊಟ್ಟೆಶೂಲೆಯಿಂದ ಹೊರಳಾಡುವ ಕುದುರೆಗೆ ಹೊಟ್ಟೆಯನ್ನು ಉಜ್ಜುತ್ತ ಕೂರುವುದು ಹೊತ್ತು ಕಳೆದಂತೆ. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ.

ಕೊಳ್ಳೇಗಾಲದ ಬೀದಿಯಲ್ಲಿ ಆಟೋ ರಿಕ್ಷಾಗಳು ಬಂದು ಜಟಕಾಗಳು ಹೋದವು. ಲಾಳ ಕಟ್ಟುವವರು, ಮೆತ್ತೆ ಹೊಲಿಯುವವರು, ಆ ಸಾಹೇಬರಂತಹ ಕೈಯವರು ಅವುಗಳೊಡನೆಯೇ ಹೋದರು. ಆದರೆ ಕುದುರೆಗಳು ಹೋಗಿಲ್ಲ. ಮೈಸೂರಿನ ಅರಮನೆಯ ಸುತ್ತ ಟಾಂಗಾಗಳು ಕಾಣುತ್ತವೆ. ಪೊಲೀಸಿನ ಅಶ್ವದಳವಿದೆ, ಪಂದ್ಯದ ಲಾಯಗಳಿವೆ. ಮದುವೆಯ ಮೆರವಣಿಗೆಯಲ್ಲಿ ಪಟಾಕಿಯ ಸದ್ದಿನ ನಡುವೆ ಥಳಕಿನ ಬಟ್ಟೆ ಹೊತ್ತು ನಿಲ್ಲುವ ಬಿಳಿಯ ಕುದುರೆಗಳು ಹೆಚ್ಚಾಗಿಯೇ ಇವೆ. ಪಂದ್ಯದ ಕುದುರೆಗೆ ವೈದ್ಯರುಂಟು. ನಾನು ನೆನೆಯುವುದು ಮದುವೆಯ ಕುದುರೆಯನ್ನು. ಬಾಡಿಗೆಯ ಲೆಕ್ಕದಲ್ಲಿ ದುಡಿಯುವ ಅದರ ಬೆನ್ನನ್ನು ಬಟ್ಟೆ ಸರಿಸಿ ನೋಡಿದವರು ಎಷ್ಟು ಮಂದಿ?

ಅಂಥ ಕುದುರೆಯನ್ನು ಸಾಕುವವರು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಿಗೊಂದು ಕ್ರಮ ಹೇಳುತ್ತೇನೆ. ಕೆಲಸ ಮುಗಿದು, ಜೀನು ಇಳಿಸಿ, ಕುದುರೆ ನೀರು ಕುಡಿದು ಬೆವರು ಆರಿದ ಮೇಲೆ ಅದರ ಭುಜದ ಪಕ್ಕದಲ್ಲಿ ನಿಲ್ಲಿ, ಹಿಂದೆ ನಿಲ್ಲಬೇಡಿ. ಹಗ್ಗವನ್ನು ಸಡಿಲವಾಗಿ ಬಿಡಿ. ತಲೆ ಇಳಿಸಲು ಅದಕ್ಕೆ ಎಡೆಯಿರಬೇಕು. ಕೊರಳು ಹೆಗಲಿಗೆ ಸೇರುವಲ್ಲಿಂದ ಆರಂಭಿಸಿ ಸೊಂಟದವರೆಗೆ ಅಂಗೈಯನ್ನು ನಿಧಾನವಾಗಿ ಸಾಗಿಸಿ. ಎಡಗಡೆಯಾದ ಮೇಲೆ ಬಲಗಡೆ. ಎಲ್ಲಿ ಚರ್ಮ ಅದುರಿತು, ಎಲ್ಲಿ ಕಿವಿ ಹಿಂದಕ್ಕೆ ಹೋಯಿತು, ಎಲ್ಲಿ ಮೈ ಕೈಯಿಂದ ದೂರ ಸರಿಯಿತು ಎಂಬುದನ್ನು ಲಾಯದ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿಡಿ. ಮಾರನೆಯ ದಿನ ಜೀನು ಹಾಕುವ ಮೊದಲು ಅದೇ ಎಡೆಯನ್ನು ಮತ್ತೆ ಮುಟ್ಟಿ ನೋಡಿ. ಗುರುತು ಮೂರು ದಿನ ಒಂದೇ ಎಡೆಯಲ್ಲಿ ಬಿದ್ದರೆ, ಜೀನನ್ನು ಬೋರಲು ಹಾಕಿ ಅದರ ತಳವನ್ನು ಪರೀಕ್ಷಿಸಿ. ಆಮೇಲೆ ಹತ್ತಿರದ ಪಶುವೈದ್ಯರನ್ನು ಕಾಣಿ. ಅವರು ಎಲ್ಲಿ ನೋವು ಎಂದು ಕೇಳಿದಾಗ ತೋರಿಸಲು ತಮ್ಮ ಬಳಿ ಗೋಡೆಯ ಗುರುತು ಇರುತ್ತದೆ.